ಪಂಢರಪುರದಿಂದ ಬಂದ ಫೋನು

ಇವತ್ತು ಗಾಣಗಾಪುರದಲ್ಲಿ ಹೂವಿನಂಗಡಿ ಅಕ್ಕನಿಗೆ ಫೋನ್ ಬಂತು. ಮರಾಠಿಯಲ್ಲಿ ಪಟಪಟ ಮಾತಾಡಿ, ನನ್ನ ಕಡೆ ತಿರುಗಿ "ಉಜನಿ ನೀರು ಬಿಟ್ಟಾರಂತ್ರಿ" ಅಂದರು.

ಫೋನ್ ಮಾಡಿದ್ದು ಪಂಢರಪುರದ ಭಕ್ತರು. ದತ್ತನ ದರ್ಶನಕ್ಕೆ ಬಂದಾಗಲೆಲ್ಲ ಇವರ ಹತ್ತಿರಾನೇ ಹೂವು ತಗೊಳ್ಳುತ್ತಾರಂತೆ. ಅಲ್ಲೂ ಭೀಮಾ ದಂಡೆ, ಇಲ್ಲೂ ಭೀಮಾ ದಂಡೆ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಉಜನಿ ಡ್ಯಾಮಿನಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿ ದಾಟಿ ಯಾದಗಿರಿವರೆಗೂ ಬರುತ್ತದೆ. 2020ರ ಅಕ್ಟೋಬರ್ ಪ್ರವಾಹ ಈ ಕಡೆಯವರು ಯಾರೂ ಮರೆತಿಲ್ಲ.

ಎರಡು ರಾಜ್ಯದ ಅಧಿಕಾರಿಗಳೂ ಮಾತಾಡಿಕೊಳ್ಳುತ್ತಾರೆ, ನಿಜ. ಆದರೆ ದೇವರ ನೆಪದಲ್ಲಿ ಬೆಳೆದ ಈ ಒಡನಾಟ ಇದೆಯಲ್ಲ, ಅದಕ್ಕೂ ಅಷ್ಟೇ ಬೆಲೆ ಕೊಡಬೇಕು ಅನ್ನಿಸಿತು. ಗಡಿ ಜಗಳ ಟಿವಿಯಲ್ಲಿ ಜಾಸ್ತಿ ಕಾಣುತ್ತೆ, ಇಂಥ ಫೋನು ಕಾಣಲ್ಲ ಅಲ್ವಾ?

ಇನ್ನೊಂದು ಚಿಂತೆ. ಹುಡುಗರೆಲ್ಲ ದುಡಿಯಲು ಪುಣೆ, ಮುಂಬೈ, ಬೆಂಗಳೂರು ಸೇರಿದ್ದಾರೆ. ಎಷ್ಟೋ ಮನೆಯಲ್ಲಿ ಉಳಿದವರು ಮುದುಕರು, ಮಕ್ಕಳು. ರಾತ್ರೋರಾತ್ರಿ ನೀರು ಏರಿದರೆ ದಂಡೆಯ ಪಂಪ್‌ಸೆಟ್ ಎತ್ತೋರು ಯಾರು? ದನ ಬಿಚ್ಚೋರು ಯಾರು? ಹಾಗಾಗಿ ಸುದ್ದಿ ಮೊದಲಿಗಿಂತ ಬೇಗ ಮುಟ್ಟಬೇಕು, ಕನ್ನಡದಲ್ಲೂ ಮರಾಠಿಯಲ್ಲೂ.

ನದಿ ದಂಡೆಯ ಗೆಳೆಯರೇ, ಮೇಲಿನ ಊರಿನ ಒಬ್ಬರ ನಂಬರಾದರೂ ಇಟ್ಟುಕೊಳ್ಳಿ.