‘ವಿಧಿಯಾಟ’ ಎಂದು ಹೆಡ್ಡಿಂಗ್ ಕೊಟ್ಟ ರಾತ್ರಿ

ಶಿವಮೊಗ್ಗದ ಪತ್ರಿಕೆಯೊಂದರ ಡೆಸ್ಕಿನಲ್ಲಿ ನನ್ನದು ರಾತ್ರಿ ಪಾಳಿ. ತಾಲೂಕುಗಳಿಂದ ಬರುವ ಸುದ್ದಿ ತಿದ್ದಿ ಹೆಡ್ಡಿಂಗ್ ಕೊಡುವ ಕೆಲಸ. ಲಾರಿ ಮಗುಚಿದರೂ ದುರಂತ, ಹೊಳೆಯಲ್ಲಿ ಹುಡುಗರು ಮುಳುಗಿದರೂ ದುರಂತ. ಮೂರಕ್ಷರ, ಒಂದೇ ಕಾಲಂನಲ್ಲಿ ಹಿಡಿಸುತ್ತದೆ.

ಒಂದು ಅಡಿಕೆ ಕೊಯ್ಲಿನಲ್ಲಿ ತೀರ್ಥಹಳ್ಳಿ ಕಡೆಯಿಂದ ನಾಲ್ಕು ಸಾಲು ಬಂತು. ಅಡಿಕೆ ಕೊನೆ, ಅಂದರೆ ಗೊನೆ, ಇಳಿಸುವಾಗ ಅಲ್ಯೂಮಿನಿಯಂ ದೋಟಿ (ಕೊಯ್ಯುವ ಉದ್ದ ಕೋಲು) ಕರೆಂಟ್ ತಂತಿಗೆ ತಾಗಿ ಕೊನೆಗಾರ, ಅಂದರೆ ಗೊನೆ ಕೊಯ್ಯುವವನು, ಸ್ಥಳದಲ್ಲೇ ತೀರಿಕೊಂಡಿದ್ದ. ಪುಟ ಬಿಡುವ ಹೊತ್ತು. ‘ವಿಧಿಯಾಟ: ಕೊನೆಗಾರನ ದುರಂತ ಅಂತ್ಯ’ ಎಂದು ಹಾಕಿ ಕಳಿಸಿಬಿಟ್ಟೆ.

ಮರುದಿನ ಸಂಜೆ ಆ ತೋಟದ ಯಜಮಾನರೇ ಫೋನ್ ಮಾಡಿದರು.

“ವಿಧಿ ಅಂತ ಯಾಕೆ ಹಾಕಿದ್ರಿ? ತಂತಿ ಜೋತುಬಿದ್ದು ಎರಡು ಮಳೆಗಾಲ ಆಗಿತ್ತು. ಅರ್ಜಿ ಕೊಟ್ಟು ಬಂದಿದ್ದೆ, ಯಾರೂ ಬರಲಿಲ್ಲ. ‘ಈ ಸಾಲು ಬ್ಯಾಡ ಅಯ್ಯ’ ಅಂದಿದ್ದ ಅವ್ನು. ‘ಎರಡೇ ಮರ, ಮುಗಿಸಿಬಿಡು ಮಾರಾಯ’ ಅಂದಿದ್ದು ನಾನು.”

ಆಮೇಲೆ ಬಹಳ ಹೊತ್ತು ಮಾತಿಲ್ಲ. ಅವರ ಹಿಂದೆ ಯಾರೋ ಅಡಿಕೆ ಸುಲಿಯುವ ಸದ್ದು ಮಾತ್ರ.

ಎಂ.ಎ. ಓದುವಾಗ ಅರಿಸ್ಟಾಟಲನನ್ನು ಬಾಯಿಪಾಠ ಮಾಡಿದ್ದೆ. ರುದ್ರನಾಟಕದ, ಅಂದರೆ ದುರಂತ ನಾಟಕದ, ನಾಯಕ ಪೂರಾ ಕೆಟ್ಟವನಲ್ಲ, ದೇವರಂಥವನೂ ಅಲ್ಲ, ನಮ್ಮಂಥವನು. ತಾನೇ ಮಾಡಿದ ಒಂದು ತಪ್ಪಿನಿಂದ ಬೀಳುತ್ತಾನೆ, ಆಮೇಲೆ ಅದು ಅವನಿಗೆ ತಿಳಿಯುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ತನ್ನವರ ಹೆಣಗಳ ನಡುವೆ ನಡೆಯುವಾಗ ನಮ್ಮ ಎದೆ ಹಿಂಡುವುದು ಇದಕ್ಕೇ: ಅಲ್ಲಿ ಮಲಗಿದ ಒಬ್ಬೊಬ್ಬರೂ ಅವನ ಹಟಕ್ಕೆ ಸತ್ತವರು. ಆ ಸಂಜೆ ಫೋನಿನಲ್ಲಿ ನಾನು ಕೇಳಿದ್ದು ಅದೇ ತಿಳಿವಿನ ದನಿ. ನಾಟಕದವರು ಹೇಳುವ ಅರ್ಥದ ದುರಂತ ಆ ಯಜಮಾನರದ್ದು. ಕೊನೆಗಾರನ ಸಾವಿಗೆ ಆ ಹೆಸರು ಕೊಡಲು ನನಗೆ ಮನಸ್ಸಿಲ್ಲ. ಅವನು ಅಪಾಯ ಕಂಡಿದ್ದ, ಬಾಯಿಬಿಟ್ಟು ಹೇಳಿಯೂ ಇದ್ದ. ಅವನಿಗಾದದ್ದು ಅನ್ಯಾಯ. ನಾಟಕ ‘ಹೇಗಾಯಿತು’ ಎಂದು ಅಂಕ ಅಂಕವಾಗಿ ಬಿಚ್ಚುತ್ತದೆ. ನಾನು ಒಂದೇ ಪದದಲ್ಲಿ ಮುಚ್ಚಿಬಿಟ್ಟಿದ್ದೆ.

ಯಜಮಾನರು ತಮ್ಮ ಅರ್ಜಿಯ ನಕಲಿನ ಫೋಟೋ ಕಳಿಸಿದರು. ಮಡಿಕೆ ಬಿದ್ದಲ್ಲಿ ಹಾಳೆ ಹರಿದಿತ್ತು, ಸ್ವೀಕೃತಿಯ ಮೊಹರು ಮಾತ್ರ ನೀಲಿಯಾಗಿ ಸ್ಪಷ್ಟವಾಗಿತ್ತು. ತಾರೀಕು ಸಮೇತ ಎರಡನೇ ಸುದ್ದಿ ಮಾಡಿದೆವು. ಈಗ ಇಂಥ ಸಾವಿನ ಸುದ್ದಿ ಬಂದರೆ, ಪುಟ ತಡವಾದರೂ ಸರಿ, ವರದಿಗಾರನಿಗೆ ಫೋನ್ ಮಾಡುತ್ತೇನೆ: ಎಷ್ಟು ದಿನದಿಂದ ಹಾಗಿತ್ತು, ಯಾರಿಗೆ ಹೇಳಿದ್ದರು?

ಆದರೆ ಕೊನೆಗಾರನ ಹೆಂಡತಿ ಪರಿಹಾರದ ಅರ್ಜಿ ಅಷ್ಟರಲ್ಲೇ ಕೊಟ್ಟಾಗಿತ್ತು. ಅದಕ್ಕೆ ಪಿನ್ ಹಾಕಿದ್ದು ಮೊದಲ ದಿನದ ಕಟಿಂಗ್, ‘ವಿಧಿಯಾಟ’ ಎಂದಿದ್ದದ್ದು.