ಹೊತ್ತವಳೇ ತೀರಿಸಬೇಕು

ನಂಜನಗೂಡಿನ ಕಪಿಲೆ ನದಿಯ ಮೆಟ್ಟಿಲ ಮೇಲೆ ಬ್ಯಾಗು ತೊಡೆಗಿಟ್ಟುಕೊಂಡು ಇಬ್ಬರು ಹೆಂಗಸರು ಬೆಳಬೆಳಿಗ್ಗೆ ಜಗಳ ಆಡುತ್ತಿದ್ದರೆ, ನೋಡಿದವರು ಯಾವುದೋ ಆಸ್ತಿ ತಗಾದೆ ಅಂದುಕೊಂಡಿರಬೇಕು. ನಮ್ಮ ತಗಾದೆ ಕೂದಲಿನದು. ನಂಜುಂಡನಿಗೆ ಮುಡಿ ಹರಕೆ ಹೊತ್ತವಳು ನಾನು, ಮುಡಿ ಅವಳದ್ದು. ಹೊರುವಾಗ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಬರುತ್ತಿರಲಿಲ್ಲ ಅನ್ನಿ, ಆಗ ಅವಳಿಗೆ ದನಿಯೇ ಇರಲಿಲ್ಲ.

ಮೊದಲಿಂದ ಹೇಳುತ್ತೇನೆ.

ನಾವು ನಾಲ್ವರು ಗೆಳತಿಯರು. ಒಂದೇ ಶಾಲೆಯಲ್ಲಿ ಪಾಠ ಮಾಡಿದವರು. ಇಬ್ಬರಿಗೆ ನಿವೃತ್ತಿಯಾಗಿದೆ, ಇನ್ನಿಬ್ಬರು ದಿನ ಎಣಿಸುತ್ತಿದ್ದೇವೆ. ಫೋನಿನಲ್ಲಿ ನಮ್ಮದೊಂದು ಪುಟ್ಟ ಗುಂಪಿದೆ. ಅದಕ್ಕಿರುವುದು ಒಂದೇ ಕಟ್ಟಳೆ: ರಾತ್ರಿ ಒಂಬತ್ತರೊಳಗೆ ಎಲ್ಲರೂ ಆ ದಿನದ ಒಂದು ಒಳ್ಳೆ ಸುದ್ದಿ ಹೇಳಬೇಕು. ಮಗನ ಮದುವೆ, ಸೊಸೆಯ ಸೀಮಂತ ಯಾವಾಗಲೋ ಒಮ್ಮೆ ಬರುವ ಸುದ್ದಿ. ಉಳಿದ ದಿನಗಳಲ್ಲಿ "ಹಾಲು ಉಕ್ಕೋ ಮುಂಚೆ ಓಡಿಹೋಗಿ ಒಲೆ ಆರಿಸಿದೆ" ಅನ್ನುವುದೂ ನಡೆಯುತ್ತದೆ. ಕಳೆದುಹೋದ ಕನ್ನಡಕ ಫ್ರಿಜ್ಜಿನಲ್ಲಿ ತರಕಾರಿಯ ಜೊತೆ ಸಿಕ್ಕಿದ್ದು ಒಂದು ವಾರ ನಗಿಸಿತ್ತು. ನಮ್ಮ ಲೆಕ್ಕದ ಟೀಚರು ಮಾತ್ರ ಅಳೆದು ತೂಗಿ, "ಇವತ್ತು ಯಾರ ಮೇಲೂ ರೇಗಲಿಲ್ಲ. ಭಾನುವಾರ, ಶಾಲೆ ಇರಲಿಲ್ಲ" ಅಂತ ಹಾಕುತ್ತಾಳೆ. ಏನೂ ಇಲ್ಲದ ದಿನ ಹುಡುಕಿ ಹೇಳಬೇಕು. ಹುಡುಕಿದರೆ ಸಿಕ್ಕಿಯೇ ಸಿಗುತ್ತದೆ, ಅದೊಂದು ವಿಚಿತ್ರ.

ಮೆಟ್ಟಿಲ ಮೇಲೆ ಜಗಳ ಆಡಿದ ಇವಳು ಕನ್ನಡ ಟೀಚರು. ಒಂದನೇ ತರಗತಿಯಲ್ಲಿ ನಿಂತು ಹಾಜರಿ ಕರೆದರೆ ಆ ತುದಿಯ ಏಳನೇ ತರಗತಿಯ ಹುಡುಗರು ನೆಟ್ಟಗೆ ಕೂರುತ್ತಿದ್ದರು, ಅಂಥ ದನಿ. ಗಡ್ಡೆ ಕಂಡಿದ್ದು ಆ ಗಂಟಲಲ್ಲೇ. ಥೈರಾಯ್ಡ್ ಗ್ರಂಥಿ ಚಿಟ್ಟೆಯ ಹಾಗೆ ರೆಕ್ಕೆ ಬಿಚ್ಚಿಕೊಂಡು ಉಸಿರಿನ ಕೊಳವೆಯನ್ನು ತಬ್ಬಿ ಕೂತಿರುತ್ತದಂತೆ. ಸೂಜಿ ಚುಚ್ಚಿ ತೆಗೆದ ಚೂರಿನಿಂದ ಏನೆಂದು ಗಟ್ಟಿಯಾಗಿ ಹೇಳಲಾಗದೆ, ಗ್ರಂಥಿಯನ್ನು ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು ಡಾಕ್ಟರು. ದನಿಪೆಟ್ಟಿಗೆಗೆ ಹೋಗುವ ನರ ಅದರ ಬೆನ್ನಿಗೇ ಹಾದುಹೋಗುತ್ತದೆ, ಅದನ್ನು ಉಳಿಸಿಕೊಂಡು ಕೆಲಸ ಮಾಡಬೇಕು, ಕೆಲವರಿಗೆ ಒಂದಷ್ಟು ಕಾಲ ದನಿ ಕೂತುಬಿಡುತ್ತದೆ ಅಂತಲೂ ಮೊದಲೇ ತಿಳಿಸಿದರು. ಇವಳು ಸಹಿ ಹಾಕಿ ಪೆನ್ನಿನ ಮುಚ್ಚಳ ಮುಚ್ಚುತ್ತ, "ನನ್ ದನಿ ಕೂತ್ರೆ ಬೀದಿಗೆಲ್ಲ ನೆಮ್ಮದಿ ಬಿಡಿ ಡಾಕ್ಟ್ರೇ" ಅಂದಳು. ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ.

ಮೊದಲ ರಾತ್ರಿ ಜೊತೆಗೆ ಉಳಿದವಳು ನಾನು. ಮಂಚದ ತಲೆಭಾಗ ಎತ್ತರಿಸಿದ್ದರು. ಕತ್ತಿಗೆ ಪಟ್ಟಿ, ಅದರಡಿಯಿಂದ ಹೊರಟ ಸಣ್ಣ ಕೊಳವೆ, ಕೊಳವೆಯ ತುದಿಯಲ್ಲೊಂದು ಡಬ್ಬಿ, ಡಬ್ಬಿಯಲ್ಲಿ ಕೆಂಪುನೀರು. ನರ್ಸು ಹುಡುಗಿ ನನಗೆ ಪಾಠ ಒಪ್ಪಿಸುವ ಹಾಗೆ ಹೇಳಿಹೋಗಿದ್ದಳು: "ಕತ್ತು ಊದಿದ ಹಾಗೆ ಕಂಡ್ರೆ, ಉಸಿರಿಗೆ ಕಷ್ಟ ಆದ್ರೆ ಕೂಡ್ಲೇ ಕರೀರಿ ಅಮ್ಮ. ತುಟಿ ಸುತ್ತ, ಬೆರಳ ತುದಿ ಜುಮುಜುಮು ಅನ್ಸುತ್ತಾ ಅಂತ ಆಗಾಗ ಕೇಳ್ತಾ ಇರಿ." ಆ ಗ್ರಂಥಿಯ ಹಿಂದೆ ಅಕ್ಕಿಕಾಳಿನಷ್ಟು ದೊಡ್ಡವು ಇನ್ನೂ ನಾಲ್ಕು ಗ್ರಂಥಿಗಳಿವೆಯಂತೆ. ಮೈಯ ಸುಣ್ಣದಂಶದ ಲೆಕ್ಕವೆಲ್ಲ ಅವುಗಳ ಕೈಯಲ್ಲಿ. ಗಲಿಬಿಲಿಯಲ್ಲಿ ಅವು ಮುನಿಸಿಕೊಂಡರೆ ಮೊದಲು ತಿಳಿಯುವುದು ಬೆರಳ ತುದಿಗೆ. ನಲವತ್ತು ವರ್ಷದ ಗೆಳೆತನದಲ್ಲಿ ಅವಳ ಕತ್ತನ್ನು ನಾನು ನೋಡಿದ್ದೇ ಇಲ್ಲ ಅನ್ನಿಸಿತು. ಸರ ನೋಡಿದ್ದೆ, ತಾಳಿ ನೋಡಿದ್ದೆ. ಆ ರಾತ್ರಿ ಕತ್ತನ್ನೇ ನೋಡುತ್ತ ಕೂತೆ.

ನಮ್ಮಜ್ಜಿ ಶಿವರಾತ್ರಿಯ ಜಾಗರಣೆಯಲ್ಲಿ ನಿದ್ದೆಗೆ ಜೋಲುವ ಮಕ್ಕಳನ್ನು ಎಬ್ಬಿಸಿ ಕೂರಿಸಿಕೊಂಡು ಒಂದು ಕಥೆ ಹೇಳುತ್ತಿದ್ದಳು. ಸಮುದ್ರ ಕಡೆದಾಗ ಅಮೃತಕ್ಕಿಂತ ಮುಂಚೆ ಹಾಲಾಹಲ ಬಂತು. ದೇವರು ದಾನವರೆಲ್ಲ ಓಡಿದರು. ಶಿವ ಅದನ್ನು ಬೊಗಸೆಗೆ ತುಂಬಿಕೊಂಡು ಕುಡಿದ. ಬೊಗಸೆಯಿಂದ ಸೋರಿದ ಹನಿಗಳನ್ನು ಹಾವು ಚೇಳುಗಳು ನೆಕ್ಕಿಕೊಂಡವು. ಪಾರ್ವತಿ ಓಡಿಬಂದು ಗಂಡನ ಗಂಟಲನ್ನು ಗಟ್ಟಿಯಾಗಿ ಹಿಡಿದಳು. ವಿಷ ಕೆಳಗಿಳಿದರೆ ಅವನ ಹೊಟ್ಟೆಯೊಳಗಿನ ಲೋಕಗಳು ಸುಟ್ಟಾವು, ಉಗುಳಿದರೆ ಹೊರಗಿನವು. ಅಲ್ಲೇ ನಿಂತಿತು. ಅವನು ಮಲಗಕೂಡದು ಅಂತ ದೇವತೆಗಳೆಲ್ಲ ರಾತ್ರಿಯಿಡೀ ಸುತ್ತ ಕೂತು ಹಾಡಿ ಕುಣಿದು ಎಚ್ಚರ ಕಾದರು, ಅದೇ ಜಾಗರಣೆ ಕಣ್ರೋ ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ನನಗೆ ಇಷ್ಟವಾಗುತ್ತಿದ್ದುದು ವಿಷ ಕುಡಿಯುವ ಭಾಗ. ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತವಳಿಗೆ ನೆನಪಾದದ್ದು ಎಚ್ಚರ ಕೂತವರು. ಅವರ ಕೈಯಲ್ಲಿ ಔಷಧಿ ಇರಲಿಲ್ಲ, ಮಂತ್ರ ಇತ್ತೋ ಇಲ್ಲವೋ ಅಜ್ಜಿ ಹೇಳಲಿಲ್ಲ. ಬಿಟ್ಟು ಹೋಗಲಿಲ್ಲ, ಅಷ್ಟೇ.

ನಂಜುಂಡ ಅಂದರೆ ನಂಜು ಉಂಡವನು. ನೀಲಕಂಠ, ವಿಷಕಂಠ ಅನ್ನುವುದೂ ಅವನನ್ನೇ. ನಂಜನಗೂಡಿನಲ್ಲಂತೂ ಅವನು ಶ್ರೀಕಂಠೇಶ್ವರ. ಕಲೆ ಉಳಿದ ಗಂಟಲಿಗೆ ನಮ್ಮ ಹಿರಿಯರು 'ಶ್ರೀ' ಹಚ್ಚಿ ಕರೆದಿದ್ದಾರೆ. ಗಂಟಲಿನ ಕಷ್ಟ ಹೇಳಿಕೊಳ್ಳಲು ಇವನಿಗಿಂತ ಹತ್ತಿರದವನು ಯಾರು ಅನ್ನಿಸಿರಬೇಕು. ಎರಡು ಗಂಟೆಯ ಹೊತ್ತಿಗೆ ಅವಳು ನೀರು ಕೇಳಲು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ನನ್ನ ಬಾಯಿಂದ ಬಂತು: "ನಂಜುಂಡಪ್ಪಾ, ಇವಳ ದನಿ ಕೊಡು, ಇವಳ ಮುಡಿ ಕೊಡಿಸ್ತೀನಿ."

ಯಾಕೆ ನನ್ನ ಮುಡಿ ಅನ್ನಲಿಲ್ಲ? ಪ್ರಾಮಾಣಿಕವಾಗಿ ಹೇಳುತ್ತೇನೆ, ಹೊಳೆಯಲಿಲ್ಲ. ಭಕ್ತಿಯ ಹೊತ್ತಿನಲ್ಲೂ ನಮ್ಮ ಬುದ್ಧಿ ನಮ್ಮದನ್ನು ಜೋಪಾನ ಮಾಡಿಯೇ ಮಾತಾಡುತ್ತದೆ.

ಪರೀಕ್ಷೆಯ ವರದಿ ಬರುವವರೆಗಿನ ದಿನಗಳ ಬಗ್ಗೆ ಏನು ಹೇಳಲಿ. ಬಂತು, ಹೆದರುವಂಥದ್ದೇನಿಲ್ಲ ಅಂದರು. ಇನ್ನು ಜೀವಮಾನವಿಡೀ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಗುಳಿಗೆ, ಅದಾಗಿ ಅರ್ಧ ಗಂಟೆಯಾದರೂ ಕಾಫಿ ಮುಟ್ಟುವಂತಿಲ್ಲ. ಅವಳಿಗೆ ಆಪರೇಷನ್ನಿಗಿಂತ ದೊಡ್ಡ ಶಿಕ್ಷೆ ಅನ್ನಿಸಿದ್ದು ಆ ಅರ್ಧ ಗಂಟೆ. ದನಿಯ ನರ ಕಡಿದಿಲ್ಲ, ಸುಸ್ತಾಗಿ ಮಲಗಿದೆ, ಏಳಲು ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು ಅಂದರು ಡಾಕ್ಟರು.

ಆ ತಿಂಗಳುಗಳಲ್ಲಿ ರಾತ್ರಿ ಒಂಬತ್ತರ ಸುದ್ದಿಗಳೆಲ್ಲ ಅವಳವೇ. ನಾವು ಮೂವರೂ ನಮ್ಮದನ್ನು ಬೇಗ ಬೇಗ ಹಾಕಿ ಅವಳದ್ದಕ್ಕೆ ಕಾಯುತ್ತಿದ್ದೆವು. "ಕೊಳವೆ ತೆಗೆದ್ರು." "ಇವತ್ತು ನೀರು ಕುಡಿದೆ, ಕೆಮ್ಮು ಬರಲಿಲ್ಲ." ದನಿಯ ತಂತು ಸರಿಯಾಗಿ ಮುಚ್ಚದಿದ್ದರೆ ನೀರೇ ಎಲ್ಲಕ್ಕಿಂತ ಕಷ್ಟವಂತೆ, ಗಂಜಿ ಸಲೀಸು, ನೀರು ಕಷ್ಟ. "ಕತ್ತೆತ್ತಿ ಫ್ಯಾನ್ ನೋಡಿದೆ. ತುಂಬಾ ಧೂಳಿದೆ." ಆ ಸಾಲನ್ನು ಓದಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಯಾಕೆಂದು ಗಂಡನಿಗೆ ವಿವರಿಸಲಾಗಲಿಲ್ಲ. ಫ್ಯಾನಿನ ಧೂಳು ಅಂದೆ. ಅವರು ಸ್ಟೂಲು ಹಾಕಿಕೊಂಡು ನಮ್ಮನೆ ಫ್ಯಾನು ಒರೆಸಿದರು.

ಹರಕೆಯ ವಿಷಯ ಬಾಯಿಬಿಟ್ಟದ್ದು ಏಳನೇ ವಾರ, ಅವಳ ಮನೆಯ ಜಗುಲಿಯಲ್ಲಿ. ಅಷ್ಟು ಹೊತ್ತಿಗೆ ಪಿಸುದನಿ ಬಂದಿತ್ತು, ಹರಿದ ಕಾಗದ ಅಲ್ಲಾಡಿಸಿದ ಹಾಗೆ. ನಾನು ಹೇಳಿ ಮುಗಿಸಿದೆ. ಅವಳು ಜಡೆ ಹಿಡಿದುಕೊಂಡಳು.

"ನನ್ ಕೂದ್ಲು ಏನು ನಿಮ್ಮಪ್ಪನ ಆಸ್ತೀನೇನೇ?"

'ಆಸ್ತಿ' ಅನ್ನುವಲ್ಲಿ ದನಿ ಒಡೆದು ಜೋರಾಗಿ ಆಚೆ ಬಂತು. ಪಕ್ಕದ ಮನೆಯ ನಾಯಿ ಬೊಗಳಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮತ್ತೆ ಬರಲಿಲ್ಲ, ಪಿಸುದನಿಗೇ ಇಳಿಯಿತು. ಆದರೆ ನರ ಎದ್ದಿದೆ ಅನ್ನುವುದು ಗೊತ್ತಾಯಿತು. ಆ ರಾತ್ರಿಯ ಸುದ್ದಿ: "ಇವಳಿಗೆ ಬೈದೆ. ಕೇಳಿಸ್ತು."

ಮೈಸೂರಿನಿಂದ ನಂಜನಗೂಡು ಎಷ್ಟು ದೂರ, ಚಾಮರಾಜನಗರದ ರೈಲು ಹತ್ತಿದರೆ ಒಂದು ಹರಟೆ ಮುಗಿಯುವುದರೊಳಗೆ ಬಂದುಬಿಡುತ್ತದೆ. ಕಪಿಲೆಗೆ ದಳವಾಯಿಗಳ ಕಾಲದಲ್ಲಿ, 1735ರಲ್ಲಿ ಕಟ್ಟಿದ ಹಳೇ ಸೇತುವೆ ಕಂಡರೆ ಊರು ಬಂತೆಂದೇ ಲೆಕ್ಕ. ಮೀಟರ್ ಗೇಜಿದ್ದಾಗ ರೈಲೂ ಅದರ ಮೇಲೇ ಹೋಗುತ್ತಿತ್ತು. ದಾರಿಯುದ್ದಕ್ಕೂ ನಾನು ನನ್ನ ಪಕ್ಷ ವಾದಿಸುತ್ತಿದ್ದೆ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಹೋದಾಗ ಈ ನಂಜುಂಡನಿಗೇ ಹರಕೆ ಹೊತ್ತನೆಂದೂ, ವಾಸಿಯಾದ ಮೇಲೆ ಪಚ್ಚೆಲಿಂಗ ಮಾಡಿಸಿಕೊಟ್ಟು ಹಕೀಂ ನಂಜುಂಡ ಎಂದು ಕರೆದನೆಂದೂ ಪ್ರತೀತಿ ಇದೆಯಲ್ಲ. ಅಲ್ಲಿ ಹರಕೆ ಹೊತ್ತದ್ದು ಆನೆಯೇ? ಬೇರೆಯವರ ಪರವಾಗಿ ಹೊರಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

"ಸರಿ. ಪಚ್ಚೆ ಕೊಟ್ಟಿದ್ದು ಆನೆಯಾ, ಸುಲ್ತಾನನಾ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ಆನೆನಾ?"

ಜಗಳ ಮೆಟ್ಟಿಲಿನವರೆಗೂ ನಡೆದು, ಕೊನೆಗೆ ತೀರ್ಪು ಕೊಟ್ಟವನು ಕತ್ತಿ ಮಸೆಯುತ್ತ ಕೂತಿದ್ದ ಕ್ಷೌರಿಕ. "ಹೊತ್ತೋರು ಯಾರವ್ವ?" ಅಂದ. ನಾನು ಅಂದೆ. "ಹಂಗಾದ್ರೆ ಬನ್ನಿ, ಕೂತ್ಕಳಿ. ಹೊತ್ತೋರೇ ತೀರಿಸ್ಬೇಕು." ನನ್ನ ತಲೆಗೆ ತಣ್ಣೀರು ಹಾಕಿ ಉಜ್ಜಿದ. ಐವತ್ತಾರು ವರ್ಷದ ಕೂದಲು, ಹದಿನೈದು ವರ್ಷ ಕಪ್ಪು ಬಳಿದು ಕಾಪಾಡಿಕೊಂಡು ಬಂದದ್ದು, ಮಡಿಲಿಗೆ ಬಿದ್ದಾಗ ಬೇರಿನ ಕಡೆಯೆಲ್ಲ ಬೆಳ್ಳಗಿತ್ತು. ಇವಳು ನನ್ನ ಬ್ಯಾಗು, ಕನ್ನಡಕ ಹಿಡಿದುಕೊಂಡು ಎದುರಿಗೆ ನಿಂತು ನಕ್ಕಳು. ಮೊದಲು ಗಾಳಿಯಲ್ಲಿ ನಕ್ಕಳು, ಆಮೇಲೆ ದನಿಯಲ್ಲಿ. ಕೆಮ್ಮು ಬಂತು, ನೀರು ಕುಡಿದು ಮತ್ತೆ ನಕ್ಕಳು. ಬೋಳು ನೆತ್ತಿಗೆ ಕಪಿಲೆಯ ನೀರು ಬಿದ್ದಾಗ ಆಗುವ ತಣ್ಣಗನ್ನು ಹೇಳಿ ತಿಳಿಸಲಾಗುವುದಿಲ್ಲ.

ಏಳು ನೆಲೆಯ ಗೋಪುರ ದಾಟಿ ಒಳಗೆ ಹೋದರೆ ಸಾಲು. ಸಾಲಿಗೆ ಬೇಸರವಾಗದಂತೆ ನೋಡಲು ಬೇಕಾದಷ್ಟಿದೆ ಇಲ್ಲಿ: ಶಿವಭಕ್ತರಾದ 63 ಪುರಾತನರು ಕಲ್ಲಲ್ಲಿ ಸಾಲಾಗಿ ನಿಂತಿದ್ದಾರೆ, ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರ ಜೊತೆ ಕೈಮುಗಿದು ನಿಂತಿದ್ದಾರೆ. ಅರಸರೇ ಕಾಯುತ್ತಿರುವಾಗ ನಮ್ಮದೇನು. ನಮ್ಮ ಮುಂದೊಬ್ಬ ಅಜ್ಜಿ, ಹಿಂದಿರುಗಿ ನನ್ನ ತಲೆ ನೋಡಿ, "ಅಯ್ಯೋ, ಏನಾಗಿತ್ತವ್ವ ನಿಂಗೆ?" ಅಂದಳು.

"ನಂಗೇನಿಲ್ಲ ಅಜ್ಜಿ, ಇವ್ಳಿಗೆ."

ಇವಳು ಆಪರೇಷನ್ ಆದಾಗಿನಿಂದ ಸೆರಗನ್ನು ಕತ್ತಿಗೆ ಸುತ್ತಿಕೊಂಡೇ ಓಡಾಡುತ್ತಿದ್ದವಳು. ಅಜ್ಜಿ ಕೇಳದೆ ಮಾಡದೆ ಆ ಸೆರಗನ್ನು ಒಂದು ಬೆರಳಿನಿಂದ ಸರಿಸಿ ಗಾಯದ ಗೆರೆ ನೋಡಿದಳು. ತಾಳಿಯ ಸ್ವಲ್ಪ ಮೇಲೆ, ಇನ್ನೂ ಗುಲಾಬಿ ಬಣ್ಣ ಬಿಡದ ಗೆರೆ. ಆಮೇಲೆ ತನ್ನ ಕತ್ತನ್ನು ಮೇಲೆತ್ತಿ ತೋರಿಸಿದಳು. ಸುಕ್ಕುಗಳ ನಡುವೆ ಒಂದು ಸುಕ್ಕು ಸ್ವಲ್ಪ ನೆಟ್ಟಗಿತ್ತು, ಅಷ್ಟೇ. "ಹದಿನೆಂಟು ವರ್ಷ ಆಯ್ತು. ಗುಳಿಗೆ ನುಂಗ್ತೀನಿ, ಮೊಮ್ಮಕ್ಳನ್ನ ಬೈತೀನಿ" ಅಂದಳು. ಸಾಲು ಮುಂದೆ ಸರಿಯಿತು. ಬೆಳಿಗ್ಗೆ ಗುಳಿಗೆ ಆದ ಮೇಲೆ ಕಾಫಿಗೆ ಎಷ್ಟು ಹೊತ್ತು ಕಾಯುತ್ತೀರಿ ಅಂತ ಇವಳು ಕೇಳಿದಳು. ಅಜ್ಜಿ ಅತ್ತಿತ್ತ ನೋಡಿ, ಗುಟ್ಟು ಹೇಳುವ ಹಾಗೆ, "ಡಾಕ್ಟ್ರಿಗೆ ಏಳ್ಬ್ಯಾಡ" ಅಂದಳು. ಗರ್ಭಗುಡಿ ಬರುವವರೆಗೂ ಅವರಿಬ್ಬರದೇ ಮಾತು. ಸೆರಗು ಮತ್ತೆ ಕತ್ತಿಗೆ ಹೋಯಿತೋ ಇಲ್ಲವೋ ನಾನು ಗಮನಿಸಲಿಲ್ಲ.

ಒಳಗೆ ಎಣ್ಣೆಯ ವಾಸನೆ, ಬಿಲ್ವದ ವಾಸನೆ. ಆರತಿ ಮೇಲೆದ್ದಾಗ ಲಿಂಗ ಒಂದು ಕ್ಷಣ ಹೊಳೆಯಿತು. ನಾನು ಬೇಡಿಕೆ ಇಲ್ಲದೆ ಆ ದೇವರ ಮುಂದೆ ನಿಂತದ್ದು ಅದೇ ಮೊದಲು. ಪರೀಕ್ಷೆ, ವರ್ಗಾವಣೆ, ಮಗಳ ಹೆರಿಗೆ, ಯಾವಾಗ ಹೋದರೂ ಚೀಟಿ ಬರೆದುಕೊಂಡು ಹೋದ ಹಾಗೇ ಹೋಗಿದ್ದೆ. ಈ ಸಲ ಹೇಳಲು ಬಾಯಿಗೆ ಬಂದದ್ದು ಸುದ್ದಿಗಳು. ನಂಜುಂಡಪ್ಪಾ, ಇವಳು ಮೊನ್ನೆ ಆಟೋದವನನ್ನು ಕೂಗಿದಳು, ಅವನು ನಿಲ್ಲಿಸಿದ. ನೀರು ಕುಡಿದರೆ ಕೆಮ್ಮು ಕಡಿಮೆಯಾಗಿದೆ. ಒಂದೇ ದಿಂಬು ಇಟ್ಟು ಮಲಗುತ್ತಾಳೆ. ಮುಂದಿನ ತಿಂಗಳು ಶಾಲೆಗೆ ಹೋಗ್ತಾಳಂತೆ, ಮೈಕು ಹಿಡ್ಕೊಂಡು. ನನ್ನ ಹಿಂದಿನವರು ಮುಂದೆ ಹೋಗಿ ಅನ್ನುವವರೆಗೂ ಹೇಳುತ್ತಲೇ ಇದ್ದೆ.

ಹೊರಗೆ ಬಂದು ಪ್ರಾಕಾರದ ನೆರಳಲ್ಲಿ ಕೂತಾಗ, ಅಷ್ಟು ಹೊತ್ತು ಕೈಮುಗಿದು ಏನು ಕೇಳಿಕೊಂಡೆ ಅಂದಳು. ಒಂಬತ್ತು ಗಂಟೆಯದ್ದು ಮುಂಚೆಯೇ ಹೇಳಿ ಬಂದೆ ಅಂದೆ. ಅವಳು ನನ್ನ ಬೋಳುತಲೆಯ ಮೇಲೆ ಅಂಗೈ ಇಟ್ಟು, ಶಾಲೆಯಲ್ಲಿ ಮಕ್ಕಳ ತಲೆ ತಟ್ಟುವ ಹಾಗೆ ಎರಡು ಸಲ ತಟ್ಟಿದಳು.

ಆ ರಾತ್ರಿ ಗುಂಪಿನಲ್ಲಿ ಅವಳು ಬರೆಯಲಿಲ್ಲ. ಧ್ವನಿಸಂದೇಶ ಕಳಿಸಿದಳು, ಆಪರೇಷನ್ ಆದ ಮೇಲೆ ಮೊದಲನೆಯದು. ಗೊರಗೊರ ಇನ್ನೂ ಇತ್ತು, ಕೊನೆಯ ಅಕ್ಷರಗಳು ಸವೆದು ಹೋಗುತ್ತಿದ್ದವು. ನಾನು ಅದನ್ನು ಎಷ್ಟು ಸಲ ಕೇಳಿದೆನೋ.

"ಇವತ್ತಿನ ಸುದ್ದಿ. ನಮ್ ಮೇಡಮ್ಮೋರ ತಲೆ ಮೇಲೆ, ಎಡಗಡೆ, ಒಂದು ಮಚ್ಚೆ ಇದೆ. ಐವತ್ತಾರು ವರ್ಷ ಅವ್ಳಿಗೇ ಗೊತ್ತಿರ್ಲಿಲ್ಲ."