ಹಾಸನದಿಂದ ಪುತ್ತೂರಿನವರೆಗೆ ನಾನು ಶಾಲಿನಿ

"ನಿಮ್ಮ ಹೆಸರೆಂತ?" ಎಂದು ಎದುರು ಸೀಟಿನ ಅಮ್ಮ ಕೇಳಿದರು. ನನ್ನ ಬಾಯಿಂದ ಬಂದದ್ದು "ಶಾಲಿನಿ."

ನನ್ನ ಹೆಸರು ನಾಗರತ್ನ.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಆದರೆ ಆಸೆ ಮಾತ್ರ ಹಳೆಯದು. ಒಂದು ಕಂಪನಿಯ ಲೆಕ್ಕ ವಿಭಾಗದಲ್ಲಿ 22 ವರ್ಷ ಕಳೆದಿದ್ದೇನೆ. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. ರಾತ್ರಿ ಪಾತ್ರೆ ತೊಳೆಯುವಾಗ ಎಷ್ಟೋ ಸಲ ಅನ್ನಿಸಿದೆ, ಗುರುತಿಲ್ಲದ ಯಾವುದೋ ಊರಲ್ಲಿ ಇಳಿದು, ಬೇರೆ ಹೆಸರು ಹೇಳಿ, ಮೊದಲಿಂದ ಶುರು ಮಾಡಿದರೆ ಹೇಗೆ ಅಂತ. ಮನೆಯಲ್ಲಿ ಯಾರೂ ಕೆಟ್ಟವರಿಲ್ಲ. ಅದೇ ತೊಂದರೆ. ಕೆಟ್ಟವರಿದ್ದರೆ ಒಂದು ಕಾರಣವಾದರೂ ಸಿಗುತ್ತಿತ್ತು.

ಒಮ್ಮೆ ಹೆಸರು ಬದಲಾಯಿಸುವುದು ಹೇಗೆ ಅಂತ ವಿಚಾರಿಸಿದ್ದೂ ಇದೆ. ಅಫಿಡವಿಟ್, ನೋಟರಿ, ಪೇಪರಿನಲ್ಲಿ ಜಾಹೀರಾತು, ಆಮೇಲೆ ಗೆಜೆಟ್. ಆ ಜಾಹೀರಾತಿನಲ್ಲಿ ಹೊಸ ಹೆಸರಿನ ಪಕ್ಕದಲ್ಲೇ ಹಳೆಯದೂ ಅಚ್ಚಾಗಬೇಕಂತೆ. ಅಷ್ಟೆಲ್ಲ ಮಾಡಿ ಏನು ಬಂತು?

ಆವತ್ತು 20ರ ಕೆಲಸ ಮುಗಿಸಿ, ತಂಗಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಮಂಗಳೂರಿಗೆ ಹೊರಟಿದ್ದೆ. ಯಶವಂತಪುರದಿಂದ ಹಗಲು ಹೊತ್ತಿನ ರೈಲು. ಮಗನಿಗೆ ಟ್ಯೂಷನ್, ಇವರಿಗೆ ರಜೆ ಇಲ್ಲ. ಒಬ್ಬಳೇ. ಈ ಅಮ್ಮ ಹಾಸನದಲ್ಲಿ ಹತ್ತಿದರು, ಮಗಳ ಮನೆಯಿಂದ ಪುತ್ತೂರಿಗೆ ವಾಪಸ್.

"ಎಂತ ಕೆಲಸ?"

"ಸಂಗೀತ ಟೀಚರ್. ಮೈಸೂರಿನಲ್ಲಿ."

"ಮದುವೆ?"

"ಆಗಿಲ್ಲ."

ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಖುಷಿಯಾಯಿತು. ಎದೆ ಹಗುರ. ಕಿಟಕಿ ಪಕ್ಕ ಕೂತ ಹೆಂಗಸು ನಾನಲ್ಲ, ಬೇರೆ ಯಾರೋ.

"ಮನೆಯಲ್ಲಿ ಯಾರಿದ್ದಾರೆ?"

"ಅತ್ತೆ... ಅಲ್ಲ, ಅಮ್ಮ. ಅವರಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತೋಕಾಗಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಶಾಲಿನಿಯ ಮನೆಯ ಸಂಪ್ ಸೋರುತ್ತಿತ್ತು. ಮೇಲಿನ ಮನೆಯವರು ನೀರಿನ ಬಿಲ್ ಸರಿಯಾಗಿ ಕೊಡುತ್ತಿರಲಿಲ್ಲ. ಗ್ಯಾಸ್ ಬುಕ್ ಮಾಡಿ ನಾಲ್ಕು ದಿನವಾದರೂ ಸಿಲಿಂಡರ್ ಬಂದಿರಲಿಲ್ಲ. ಸುಳ್ಳು ಹೇಳುವುದಕ್ಕೂ ಸರಕು ಬೇಕಲ್ಲ, ನನ್ನ ಹತ್ತಿರ ಇದ್ದದ್ದು ಇಷ್ಟೇ. ಗಂಡ, ಮಗ ಇಬ್ಬರನ್ನು ಬಿಟ್ಟು ಉಳಿದ ಸಂಸಾರವನ್ನೆಲ್ಲ ಆ ಬಡಪಾಯಿಯ ತಲೆಗೆ ಕಟ್ಟಿಬಿಟ್ಟೆ.

ಸಕಲೇಶಪುರದಲ್ಲಿ ರೈಲು ಸುಮಾರು ಹೊತ್ತು ನಿಂತಿತು. ಬ್ರೇಕ್ ನೋಡಿಯೇ ಘಾಟಿ ಇಳಿಸಬೇಕು. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ದೋಣಿಗಲ್ ದಾಟಿದ ಮೇಲೆ ರೈಲು ತೆವಳತೊಡಗಿತು. ಮೊದಲ ಕತ್ತಲೆಗೆ ಡಬ್ಬಿಯಲ್ಲಿದ್ದ ಹುಡುಗರೆಲ್ಲ ಹೋ ಅಂತ ಕಿರುಚಿದರು.

"ಒಂದು ಹಾಡು ಹೇಳಿ ಮಾರಾಯ್ತಿ," ಅಂದರು ಅಮ್ಮ. "ಟೀಚರ್ ಅಲ್ವಾ!"

ಸಿಕ್ಕಿಬಿದ್ದೆ. ನಾನು ಸಂಗೀತ ಕಲಿತದ್ದು ನಿಜ. ಆದರೆ 1993ರಲ್ಲಿ ಜೂನಿಯರ್ ಪರೀಕ್ಷೆ ಪಾಸಾಗಿದ್ದೇ ಕೊನೆ. ಸೀನಿಯರ್ ಪಾಠ ಅರ್ಧಕ್ಕೆ ನಿಂತಿತು. ಯೋಚಿಸಿ ಯೋಚಿಸಿ, ಎಲ್ಲರಿಗೂ ಮೊಟ್ಟಮೊದಲು ಹೇಳಿಕೊಡುವ ಮಲಹರಿ ರಾಗದ ಗೀತೆ ಹಿಡಿದೆ. ಸುರಂಗದೊಳಗೆ ಧೈರ್ಯ ಬರುತ್ತಿತ್ತು. ಬೆಳಕಿಗೆ ಬಂದ ತಕ್ಷಣ ಸ್ವರ ಇಳಿಯುತ್ತಿತ್ತು. ಎರಡನೇ ಸಾಲಿನಲ್ಲಿ ಎತ್ತಿದ ಷಡ್ಜ ಮೇಲಕ್ಕೆ ಹೋಗದೆ ಗಂಟಲಲ್ಲೇ ಒಡೆಯಿತು. ಆ ಕಡೆ ಸೀಟಿನ ಮಗು ಚಿಪ್ಸ್ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡಿತು.

"ಇದು ಮಕ್ಕಳ ಪಾಠ ಅಲ್ವಾ?" ಅಂದರು ಅಮ್ಮ.

"ಹೌದು, ದಿನಾ ಇದನ್ನೇ ಹೇಳಿಕೊಟ್ಟು ಬೇರೆಯದೆಲ್ಲ ಮರೆತುಹೋಗಿದೆ," ಅಂದೆ. ಹೇಳಿದ ಮೇಲೆ, ಶಾಲಿನಿಗೂ ಈ ಕೆಲಸ ಬೇಜಾರಾಗಿದೆ ಅಂತ ಗೊತ್ತಾಯಿತು.

ಅಮ್ಮ ಮಾತು ಬದಲಿಸಿದರು. ಈ ದಾರಿಯಲ್ಲಿ ಮೀಟರ್ ಗೇಜ್ ರೈಲು ಶುರುವಾದದ್ದು 1979ರಲ್ಲಿ. 1996ರಲ್ಲಿ ಬ್ರಾಡ್ ಗೇಜ್ ಮಾಡಲು ನಿಲ್ಲಿಸಿದರು. ಮತ್ತೆ ಜನರನ್ನು ಹತ್ತಿಸಿಕೊಂಡದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟೂ ವರ್ಷ ಅವರು ಶಿರಾಡಿ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಾ ಓಡಾಡಿದರಂತೆ.

"ಹೊಸ ರೈಲು ಹೊಸ ರೈಲು ಅಂತ ಖುಷಿಯಿಂದ ಹತ್ತಿದೆವು. ಹತ್ತಿ ನೋಡಿದರೆ ಎಂತ ಹೊಸತು? ಹಳಿ ಅಗಲವಾಗಿದೆ, ಸುರಂಗ ಎಲ್ಲ ಅದೇ!" ಅಂತ ನಕ್ಕರು.

ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ, ಅಲ್ಲಿವರೆಗೆ ನಮ್ಮ ಕಡೆ ಸುಳಿಯದಿದ್ದ ಟಿಸಿ ಬಂದರು. ಕೈಯಲ್ಲಿದ್ದ ಯಂತ್ರ ನೋಡಿಕೊಂಡು ಇಡೀ ಡಬ್ಬಿಗೆ ಕೇಳುವ ಹಾಗೆ, "ನಾಗರತ್ನ, 46?" ಅಂದರು.

ನಾನು ಆಧಾರ್ ಕಾರ್ಡ್ ತೆಗೆದು ತೋರಿಸಿದೆ. ಕಿವಿ ಬಿಸಿಯಾಗಿತ್ತು. ಅಮ್ಮ ಕಿಟಕಿಯಾಚೆಯ ಅಡಿಕೆ ತೋಟವನ್ನು ಅದೇ ಮೊದಲ ಸಲ ಕಂಡವರ ಹಾಗೆ ನೋಡುತ್ತಾ ಕೂತಿದ್ದರು. ಟಿಸಿ ಮುಂದೆ ಹೋದ ಮೇಲೆ ಸ್ಟೀಲ್ ಡಬ್ಬಿ ತೆಗೆದರು.

"ತಗೊಳ್ಳಿ, ಮಗಳು ಮಾಡಿದ ಕೋಡುಬಳೆ. ಉಪ್ಪು ಸ್ವಲ್ಪ ಜಾಸ್ತಿ."

ನಿಜವಾಗಿಯೂ ಜಾಸ್ತಿ ಇತ್ತು. ಎರಡು ತಿಂದೆ. ಆಮೇಲೆ ಇಬ್ಬರೂ ಮಾತಾಡಲಿಲ್ಲ. ಹೇಳಿಬಿಡಲಾ ಅಂತ ಎರಡು ಸಲ ಬಾಯಿ ತೆರೆದು, ನೀರು ಕುಡಿದು ಸುಮ್ಮನಾದೆ.

ಪುತ್ತೂರು ಬಂತು. "ಶಾಲಿನಿ ಟೀಚರೇ, ಮೇಲಿನ ಆ ಚೀಲ ಇಳಿಸಿ ಕೊಡಿ," ಅಂದರು. ಇಳಿಸಿ, ಬಾಗಿಲವರೆಗೆ ಹೊತ್ತು ಕೊಟ್ಟು ಬಂದೆ. ಮತ್ತೆ ಸೀಟಿನಲ್ಲಿ ಕೂರುವಷ್ಟರಲ್ಲಿ ಅಮ್ಮ ಪ್ಲಾಟ್‌ಫಾರ್ಮಿನಿಂದ ನನ್ನ ಕಿಟಕಿಯ ಸರಳು ಹಿಡಿದು ನಿಂತಿದ್ದರು.

"ಟೀಚರೇ, ನಿಮ್ಮ ಅತ್ತೆಯ ಮೊಣಕಾಲಿಗೆ ರಾತ್ರಿ ಬಿಸಿ ಎಳ್ಳೆಣ್ಣೆ ಹಚ್ಚಿ. ದಿನಾ ಹಚ್ಚಬೇಕು, ಆಯ್ತಾ?"